ಹರಡಿನ ಕೀಲು: ಬೆಸೆಯುವುದೋ, ಬದಲಿಸುವುದೋ?

ಕಣ್ಣು, ಕಿವಿ, ಹೃದಯ ಇವುಗಳನ್ನು ಕುರಿತು ಬರೆದವರು ಬಹು ಮಂದಿ. ಕಾಲಿನ ಹರಡನ್ನು ಕುರಿತು ಬರೆದವರು ವಿರಳ. ಕಣಕಾಲು ಪಾದವನ್ನು ಕೂಡುವ ಗಿಣ್ಣಿಗೆ ನಮ್ಮ ಕಡೆ ಹರಡು ಎನ್ನುತ್ತಾರೆ. ಗೆಜ್ಜೆ ಕಟ್ಟುವ ಜಾಗ ಎಂದರೆ ಎಲ್ಲರಿಗೂ ತಿಳಿದೀತು. ಗೆಜ್ಜೆ ಕಟ್ಟುವಾಗ ಮಾತ್ರ ನೆನಪಿಗೆ ಬರುವ ಈ ಅಂಗವು ನೋವು ಹಿಡಿದ ದಿನ ಒಂದು ಸಂಸಾರವನ್ನೇ ನಿಲ್ಲಿಸಿಬಿಡಬಲ್ಲದು. ಹೊಸಪೇಟೆಯ ಪೇಟೆಯಲ್ಲಿ ಮೂಟೆ ಹೊರುವವರು, ಸಂಡೂರಿನ ಗಣಿಗಳಲ್ಲಿ ಅದಿರಿನ ಮೇಲೆ ಹೆಜ್ಜೆಯಿಡುವವರು, ಕಂಪ್ಲಿಯ ಗದ್ದೆಯ ಕೆಸರಿನಲ್ಲಿ ನಾಟಿ ಹಾಕುವವರು, ಹಂಪಿಯ ಬಂಡೆಗಳ ನಡುವೆ ಯಾತ್ರಿಕರಿಗೆ ದಾರಿ ತೋರುವವರು, ಇವರೆಲ್ಲರ ಅನ್ನ ನಿಂತಿರುವುದು ಎರಡು ಹರಡುಗಳ ಮೇಲೆಯೇ.

ಈ ಹರಡಿನ ಕೀಲು ಸವೆದುಹೋದರೆ ಏನು ಮಾಡಬೇಕು? ಅದನ್ನು ತೆಗೆದು ಲೋಹದ ಕೀಲು ಕೂಡಿಸಬಹುದೆ? ಕೂಡಿಸಿದರೆ ಅದು ಎಷ್ಟು ಕಾಲ ಬಾಳೀತು? ನಾನು ವೈದ್ಯಶಾಸ್ತ್ರದ ವಿದ್ಯಾರ್ಥಿಯಲ್ಲ. ಇತಿಹಾಸ ಮತ್ತು ಅರ್ಥಶಾಸ್ತ್ರ ಓದುವವನು. ಆದರೆ ನಮ್ಮ ಮನೆಗೇ ಈ ಪ್ರಶ್ನೆ ಬಂದುದರಿಂದ ಓದಿ, ಕೇಳಿ, ತಿಳಿದುಕೊಳ್ಳಬೇಕಾಯಿತು. ತಿಳಿದುದನ್ನು ಸಹಪಾಠಿಗಳ ಮುಂದೆ ಇಡುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಕೀಲಿನ ರಚನೆಯನ್ನು ನೋಡೋಣ. ಕಣಕಾಲಿನಲ್ಲಿ ಎರಡು ಮೂಳೆಗಳುಂಟು. ಒಳಗಡೆಯದು ಟಿಬಿಯ ಎಂಬ ದೊಡ್ಡ ಮೂಳೆ. ಹೊರಗಡೆಯದು ಫಿಬುಲ ಎಂಬ ತೆಳ್ಳನೆಯ ಮೂಳೆ. ಇವೆರಡರ ಕೆಳತುದಿಗಳು ಕೂಡಿ ಒಂದು ಚೌಕಟ್ಟಾಗುತ್ತವೆ. ಬಡಗಿಯು ಮರದಲ್ಲಿ ತೂತು ಕೊರೆದು ಅದಕ್ಕೆ ಸರಿಯಾಗಿ ನಾಲಿಗೆ ಕೂಡಿಸುವಂತೆ, ಪಾದದ ಮೇಲ್ಗಡೆಯ ಟೇಲಸ್ ಎಂಬ ಮೂಳೆಯು ಈ ಚೌಕಟ್ಟಿನೊಳಗೆ ಬಿಗಿಯಾಗಿ ಕುಳಿತಿದೆ. ಮೂಳೆಗೆ ಮೂಳೆ ತಾಗುವ ಕಡೆಯಲ್ಲೆಲ್ಲ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಈ ಹೊದಿಕೆ ಸವೆದು ಮೂಳೆ ಮೂಳೆಯನ್ನು ಉಜ್ಜುವ ಸ್ಥಿತಿಗೇ ಸಂಧಿವಾತ ಎನ್ನುವುದು.

ನಡೆಯುವಾಗ ಹರಡಿನ ಮೇಲೆ ಬೀಳುವ ಭಾರ ನಮ್ಮ ತೂಕದಷ್ಟೇ ಅಲ್ಲ, ಅದರ ನಾಲ್ಕೈದು ಪಟ್ಟು. ಹಿಮ್ಮಡಿಯನ್ನು ಎತ್ತುವ ಸ್ನಾಯುವಿನ ಸೆಳೆತವೂ ಅದಕ್ಕೆ ಸೇರುವುದೇ ಇದಕ್ಕೆ ಕಾರಣ. ಇಷ್ಟು ಭಾರವನ್ನು ಹೊರುವ ಜಾಗವಾದರೋ ಬಹು ಕಿರಿದು. ಸೊಂಟದ ಕೀಲಿನಲ್ಲಾಗಲಿ ಮೊಣಕಾಲಿನಲ್ಲಾಗಲಿ ಮೂಳೆಗಳು ಪರಸ್ಪರ ತಾಗುವ ವಿಸ್ತಾರದ ಸುಮಾರು ಮೂರರಲ್ಲೊಂದು ಭಾಗ ಮಾತ್ರ ಹರಡಿನಲ್ಲಿದೆ. ಹಂಪಿಯ ಮಂಟಪಗಳನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅದೇ ಚಪ್ಪಡಿಯನ್ನು ಮೂರು ಕಂಬಗಳ ಬದಲು ಒಂದೇ ಕಂಬದ ಮೇಲೆ ಹೇರಿದರೆ ಆ ಕಂಬದ ಪಾಡೇನು? ಆದರೂ ನಿಸರ್ಗದ ಕೌಶಲ್ಯವನ್ನು ಮೆಚ್ಚಬೇಕು. ಹರಡಿನ ಮೃದ್ವಸ್ಥಿ ತೆಳುವಾದರೂ ಗಟ್ಟಿ. ಆದುದರಿಂದಲೇ ಮುಪ್ಪಿನಲ್ಲಿ ಮೊಣಕಾಲು ಸವೆದವರನ್ನು ಊರೂರಿಗೂ ಕಾಣುತ್ತೇವೆ. ಬರಿಯ ಮುಪ್ಪಿನಿಂದ ಹರಡು ಸವೆದವರನ್ನು ಕಾಣುವುದು ಅಪರೂಪ.

ಹಾಗಾದರೆ ಹರಡು ಕೆಡುವುದೇತರಿಂದ? ಕೀಲುರೋಗವೆಂದೊಡನೆ ಕನ್ನಡ ನಾಡಿನವರಿಗೆ ಸಾಗರ ತಾಲ್ಲೂಕಿನ ಹಂದಿಗೋಡು ನೆನಪಾಗಬಹುದು. ೧೯೭೦ರ ದಶಕದ ಮಧ್ಯಭಾಗದಲ್ಲಿ ಅಲ್ಲಿ ಬೆಳಕಿಗೆ ಬಂದ ರೋಗ ವಂಶಪಾರಂಪರ್ಯವಾದದ್ದು. ಅದು ಮುಖ್ಯವಾಗಿ ಸೊಂಟದ ಕೀಲನ್ನು ಹಿಡಿಯುತ್ತದೆ. ಹರಡಿನ ಕಥೆ ಬೇರೆ. ಹರಡಿನ ಸಂಧಿವಾತದಿಂದ ನರಳುವವರಲ್ಲಿ ನೂರಕ್ಕೆ ಸುಮಾರು ೭೦ ಮಂದಿಗೆ ಅದು ಬಂದಿರುವುದು ಹಳೆಯ ಪೆಟ್ಟಿನಿಂದ, ಎಂದರೆ ಮೂಳೆಮುರಿತ ಅಥವಾ ಮತ್ತೆ ಮತ್ತೆ ಆದ ಉಳುಕಿನಿಂದ. ಉಳಿದವರಲ್ಲಿ ಕೆಲವರಿಗೆ ರುಮಟಾಯ್ಡ್ ಎಂಬ ಉರಿಯೂತದ ವಾತ ಕಾರಣ.

ಪೆಟ್ಟು ಬಿದ್ದು ಹತ್ತು ಹದಿನೈದು ವರ್ಷಗಳಾದ ಮೇಲೆ ಕೀಲು ಕೆಡುವುದು ವಿಚಿತ್ರವಾಗಿ ಕಾಣಬಹುದು. ೧೯೭೬ರಲ್ಲಿ ರ‍್ಯಾಮ್ಸೆ ಮತ್ತು ಹ್ಯಾಮಿಲ್ಟನ್ ಎಂಬಿಬ್ಬರು ಪ್ರಕಟಿಸಿದ ಪ್ರಯೋಗವೊಂದು ಇದರ ಗುಟ್ಟನ್ನು ತಿಳಿಸುತ್ತದೆ. ಟೇಲಸ್ ಮೂಳೆ ತನ್ನ ಚೌಕಟ್ಟಿನಲ್ಲಿ ಕೇವಲ ಒಂದು ಮಿಲಿಮೀಟರಿನಷ್ಟು ಹೊರಕ್ಕೆ ಸರಿದರೆ ಸಾಕು, ಮೂಳೆಗಳು ತಾಗುವ ವಿಸ್ತಾರ ನೂರಕ್ಕೆ ೪೨ರಷ್ಟು ಕುಗ್ಗುತ್ತದೆಂದು ಅವರು ಕಂಡುಕೊಂಡರು. ಮೊದಲೇ ಕಿರಿದಾದ ಜಾಗ ಹೆಚ್ಚುಕಡಮೆ ಅರ್ಧಕ್ಕೆ ಇಳಿದು, ಭಾರ ಮಾತ್ರ ಅಷ್ಟೇ ಉಳಿದರೆ, ಹೆಜ್ಜೆಹೆಜ್ಜೆಗೂ ಹೊದಿಕೆ ಅರೆಯುತ್ತದೆ. ಒಂದು ಮಿಲಿಮೀಟರು ಕಣ್ಣಿಗೆ ಕಾಣುವಂಥದಲ್ಲ; ಕೈಯಿಂದ ತಡವಿ ತಿಳಿಯುವಂಥದೂ ಅಲ್ಲ. ಕ್ಷಕಿರಣದ ಚಿತ್ರಕ್ಕೆ ಮಾತ್ರ ಅದು ಸಿಕ್ಕೀತು.

ಇಲ್ಲಿ ನಮ್ಮ ಮನೆಯ ಮಾತನ್ನು ಹೇಳಬೇಕಾಗಿದೆ. ನಮ್ಮ ತಂದೆಯವರು ಅದಿರಿನ ಲಾರಿಗಳ ಮೇಲೆ ಕೂಲಿ ಮಾಡುತ್ತಿದ್ದರು. ನಾನು ಮೂರನೆಯ ತರಗತಿಯಲ್ಲಿದ್ದಾಗ ಲಾರಿಯ ಹಿಂಬಾಗಿಲಿನಿಂದ ಜಾರಿ ಬಿದ್ದು ಅವರ ಬಲ ಹರಡು ಮುರಿಯಿತು. ಕೆಲಸ ಕೊಟ್ಟವರು ಆ ದಿನದ ಕೂಲಿಯನ್ನು ಕೊಟ್ಟು ಕಳುಹಿಸಿದರು. ಪಕ್ಕದೂರಿನಲ್ಲಿ ಕಟ್ಟು ಹಾಕಿಸಿದೆವು. ಆರು ವಾರಕ್ಕೆ ನೋವು ಇಳಿಯಿತು. ಎರಡು ತಿಂಗಳಿಗೆ ಮತ್ತೆ ಕೂಲಿಗೆ ಹೋದರು. ಮುರಿದ ಮೂಳೆ ಕೂಡಿಕೊಂಡಿತ್ತು, ಆದರೆ ಸ್ಥಾನ ತಪ್ಪಿ ಕೂಡಿಕೊಂಡಿತ್ತು. ಈಗ ಅವರಿಗೆ ೪೭ ವರ್ಷ. ಬೆಳಿಗ್ಗೆ ಎದ್ದು ಗೋಡೆ ಹಿಡಿದು ಹತ್ತು ಹೆಜ್ಜೆ ಹಾಕಿದ ಮೇಲೆಯೇ ಕಾಲು ನೆಲಕ್ಕೆ ಊರುತ್ತದೆ. ಕಳೆದ ವರ್ಷ ಆಸ್ಪತ್ರೆಯೊಂದರಲ್ಲಿ ತೋರಿಸಿದಾಗ ವೈದ್ಯರು ಕೀಲು ಪೂರ್ತಿ ಸವೆದಿದೆಯೆಂದು ಹೇಳಿ, ಅದನ್ನು ಬೆಸೆಯುವ ಶಸ್ತ್ರಕ್ರಿಯೆಯನ್ನು ಸೂಚಿಸಿದರು. ಮೊಣಕಾಲನ್ನು ಬದಲಿಸಿಕೊಂಡು ಚೆನ್ನಾಗಿ ಓಡಾಡುವವರನ್ನು ನಾವು ನೋಡಿದ್ದೆವು. ಹರಡನ್ನೇಕೆ ಬದಲಿಸಬಾರದು ಎಂದು ಕೇಳಿದೆವು. “ಬದಲಿಸಬಹುದು, ಆದರೆ ಇವರಿಗೆ ಬೇಡ” ಎಂದರು. ಆ “ಆದರೆ”ಯ ಅರ್ಥವನ್ನು ಹುಡುಕಿದ್ದೇ ಈ ಲೇಖನದ ಮುಂದಿನ ಭಾಗ.

ಬೆಸುಗೆಯ ಶಸ್ತ್ರಕ್ರಿಯೆ ಹಳೆಯದು. ಕಳೆದ ಶತಮಾನದಲ್ಲಿ ಅದಕ್ಕೆ ಭದ್ರವಾದ ರೂಪ ಕೊಟ್ಟವರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್‌ಲಿ ಪ್ರಮುಖರು; ೧೯೫೧ರಲ್ಲಿ ಅವರು ಮೂಳೆಗಳನ್ನು ಒತ್ತಿಹಿಡಿದು ಬೆಸೆಯುವ ವಿಧಾನವನ್ನು ಪ್ರಕಟಿಸಿದರು. ಸವೆದ ಹೊದಿಕೆಯನ್ನು ಕೆರೆದು ತೆಗೆದು, ಟಿಬಿಯ ಮತ್ತು ಟೇಲಸ್ ಮೂಳೆಗಳನ್ನು ಒಂದಕ್ಕೊಂದು ಅದುಮಿ ನಿಲ್ಲಿಸಿದರೆ, ಮುರಿದ ಮೂಳೆ ಕೂಡುವಂತೆ ಅವೂ ಕೂಡಿ ಒಂದೇ ಮೂಳೆಯಾಗುತ್ತವೆ. ಈಗ ಅದುಮಿ ಹಿಡಿಯಲು ತಿರುಪುಮೊಳೆಗಳನ್ನೂ ಫಲಕಗಳನ್ನೂ ಬಳಸುತ್ತಾರೆ. ಉಜ್ಜುವುದಕ್ಕೆ ಕೀಲೇ ಇಲ್ಲದ ಮೇಲೆ ನೋವು ಹುಟ್ಟಲು ಎಡೆಯೆಲ್ಲಿ? ಸವೆಯುವ ಭಾಗವೂ ಅಲ್ಲಿ ಇಲ್ಲ. ಪಾದದ ಇತರ ಸಣ್ಣ ಕೀಲುಗಳು ಕೊಂಚ ಹೆಚ್ಚು ಬಾಗಿ ನಡಿಗೆಯನ್ನು ಸರಿದೂಗಿಸುತ್ತವೆ.

ಆ ಸಣ್ಣ ಕೀಲುಗಳು ಹೆಚ್ಚಿನ ದುಡಿಮೆಯ ಬೆಲೆಯನ್ನು ಮುಂದೆ ತೆರಬೇಕಾಗುತ್ತದೆ. ಅಮೆರಿಕದ ಅಯೋವದಲ್ಲಿ ಹರಡು ಬೆಸೆದ ೨೩ ರೋಗಿಗಳನ್ನು ಸರಾಸರಿ ೨೨ ವರ್ಷಗಳ ನಂತರ ಪರೀಕ್ಷಿಸಿ ೨೦೦೧ರಲ್ಲಿ ವರದಿ ಮಾಡಿದರು. ಬೆಸೆದ ಹರಡು ಭದ್ರವಾಗಿತ್ತು. ಆದರೆ ಅದರ ಕೆಳಗಿನ ಮತ್ತು ಮುಂದಿನ ಕೀಲುಗಳಲ್ಲಿ ಬಹುಪಾಲು ಮಂದಿಗೆ ಸವೆತ ಕಾಣಿಸಿಕೊಂಡಿತ್ತು. ಒಬ್ಬ ಅಣ್ಣ ಕೆಲಸ ಬಿಟ್ಟರೆ ಅವನ ಪಾಲು ತಮ್ಮಂದಿರ ಮೇಲೆ ಬೀಳುವಂತೆ ಇದು.

ಇನ್ನು ಬದಲಿ ಕೀಲಿನ ಚರಿತ್ರೆ. ಸೊಂಟದ ಕೀಲನ್ನು ಬದಲಿಸುವ ವಿಧಾನವನ್ನು ೧೯೬೨ರಲ್ಲಿ ಸ್ಥಿರಗೊಳಿಸಿದವರು ಅದೇ ಚಾರ್ನ್‌ಲಿ. ಅದು ಲೋಕಪ್ರಸಿದ್ಧವಾಯಿತು. ಆ ಯಶಸ್ಸಿನಿಂದ ಉತ್ತೇಜಿತರಾಗಿ ೧೯೭೦ರಲ್ಲಿ ಫ್ರಾನ್ಸಿನ ಲಾರ್ ಮತ್ತು ಮಾರೊತ್ ಎಂಬ ವೈದ್ಯರು ಹರಡಿಗೂ ಲೋಹದ ಕೀಲನ್ನು ಇಟ್ಟರು. ಸೊಂಟದ ಕೀಲಿನಂತೆ ಉದ್ದನೆಯ ದಂಡವನ್ನು ಟಿಬಿಯದೊಳಗೆ ಹೊಗಿಸಿ, ಕೆಳಗೆ ಪ್ಲಾಸ್ಟಿಕ್ಕಿನ ತುಂಡನ್ನು ಸಿಮೆಂಟಿನಿಂದ ಕೂರಿಸಿದ ರಚನೆ ಅದು. ಹತ್ತು ವರ್ಷಗಳಾದ ಮೇಲೆ ನೋಡಿದರೆ ೨೫ ಕೀಲುಗಳಲ್ಲಿ ೧೨ ಸೋತಿದ್ದವು. ೭ ಮಾತ್ರ ತೃಪ್ತಿಕರವಾಗಿದ್ದವು. ಲಂಡನ್ನಿನಲ್ಲಿ ೧೯೭೨ರಿಂದ ೧೯೮೧ರವರೆಗೆ ಇಟ್ಟ ೬೨ ಕೀಲುಗಳ ವರದಿ ೧೯೮೫ರಲ್ಲಿ ಹೊರಬಂದಿತು. ಮತ್ತೆ ಪರೀಕ್ಷೆಗೆ ಸಿಕ್ಕಿದ ೪೧ರಲ್ಲಿ ೧೩ ಮಾತ್ರ ಸಮಾಧಾನಕರವಾಗಿದ್ದವು. ಬದಲಿಸುವುದು ಬೇಡ, ಬೆಸೆಯುವುದೇ ಲೇಸು ಎಂದು ಆ ವೈದ್ಯರೇ ಬರೆದರು.

ಸೋಲಿನ ಕಾರಣಗಳು ಈಗ ಸ್ಪಷ್ಟವಾಗಿವೆ. ಆ ಮೊದಲ ಕೀಲುಗಳಿಗಾಗಿ ಮೂಳೆಯನ್ನು ಬಹಳವಾಗಿ ಕೊಯ್ಯುತ್ತಿದ್ದರು. ಒಳಗಿನ ಮೆದು ಮೂಳೆಗೆ ಸಿಮೆಂಟು ಹಿಡಿಯದು. ಬಾಗಿಲ ತಿರುಗಣಿಯಂತೆ ಒಂದೇ ದಿಕ್ಕಿಗೆ ಬಾಗುವ ಕೀಲಿಗೆ ಪಾದದ ತಿರುಚುವಿಕೆಯೆಲ್ಲ ತಗಲಿ ಬುಡ ಸಡಿಲುತ್ತಿತ್ತು. ಆದರೂ ಕೆಲವರು ಪ್ರಯತ್ನವನ್ನು ಬಿಡಲಿಲ್ಲ. ಡೆನ್ಮಾರ್ಕಿನ ಕೋಫೋಡ್, ಅಮೆರಿಕದ ಬ್ಯೂಕೆಲ್ ಮತ್ತು ಪಪ್ಪಾಸ್ ಮೊದಲಾದವರು ಹೊಸ ಮಾದರಿಗಳನ್ನು ಮಾಡಿದರು. ಮೇಲೊಂದು ಲೋಹದ ತಟ್ಟೆ, ಕೆಳಗೊಂದು ಲೋಹದ ಟೊಪ್ಪಿಗೆ, ನಡುವೆ ಜಾರಾಡುವ ಪಾಲಿಎಥಿಲೀನ್ ಬಿಲ್ಲೆ. ಹೀಗೆ ಮೂರು ಭಾಗಗಳು. ಸಿಮೆಂಟಿನ ಬದಲು ಲೋಹದ ಒರಟು ಮೈಗೆ ಮೂಳೆಯೇ ಬೆಳೆದು ಹಿಡಿದುಕೊಳ್ಳುವ ಏರ್ಪಾಡು. ಕೋಫೋಡರ ಸ್ಟಾರ್ ಎಂಬ ಕೀಲಿನ ಮೂರು ಭಾಗಗಳ ರೂಪಕ್ಕೆ ಅಮೆರಿಕದ ಸರಕಾರ ೨೦೦೯ರಲ್ಲಿ ಒಪ್ಪಿಗೆ ಕೊಟ್ಟಿತು.

ಈ ಹೊಸ ಕೀಲುಗಳು ಎಷ್ಟು ಕಾಲ ಬಾಳುತ್ತವೆ ಎಂಬುದೇ ಮುಖ್ಯ ಪ್ರಶ್ನೆ. ಇಲ್ಲಿ ಒಂದು ಮಾತನ್ನು ಗಮನಿಸತಕ್ಕದ್ದು. ವೈದ್ಯರ ಲೆಕ್ಕದಲ್ಲಿ ಕೀಲು “ಉಳಿದಿದೆ” ಎಂದರೆ ಅದನ್ನು ತೆಗೆದುಹಾಕಿಲ್ಲ ಎಂದಷ್ಟೇ ಅರ್ಥ. ನೋವಿಲ್ಲವೆಂದಾಗಲಿ, ರೋಗಿ ಸುಖವಾಗಿದ್ದಾನೆಂದಾಗಲಿ ಅರ್ಥವಲ್ಲ. ಸ್ವೀಡನ್ ದೇಶದಲ್ಲಿ ಹರಡಿನ ಬದಲಿ ಕೀಲುಗಳನ್ನೆಲ್ಲ ದಾಖಲಿಸುವ ರಾಷ್ಟ್ರೀಯ ಪುಸ್ತಕವೊಂದಿದೆ. ೨೦೧೧ರಲ್ಲಿ ಅದರ ೭೮೦ ಕೀಲುಗಳನ್ನು ಲೆಕ್ಕ ಹಾಕಿದಾಗ, ಐದು ವರ್ಷಕ್ಕೆ ನೂರಕ್ಕೆ ೮೧, ಹತ್ತು ವರ್ಷಕ್ಕೆ ನೂರಕ್ಕೆ ೬೯ ಕೀಲುಗಳು ಉಳಿದಿದ್ದವು. ಬೇರೆ ಬೇರೆ ಆಸ್ಪತ್ರೆಗಳ ಪ್ರಕಟಿತ ವರದಿಗಳನ್ನು ಒಟ್ಟುಗೂಡಿಸಿ ೨೦೧೩ರಲ್ಲಿ ಮಾಡಿದ ಲೆಕ್ಕದಲ್ಲಿ ಹತ್ತು ವರ್ಷಕ್ಕೆ ನೂರಕ್ಕೆ ೮೯ ಉಳಿದಿದ್ದವು. ಸೊಂಟ, ಮೊಣಕಾಲುಗಳ ಬದಲಿ ಕೀಲುಗಳಾದರೆ ಹತ್ತು ವರ್ಷಕ್ಕೆ ನೂರಕ್ಕೆ ಸುಮಾರು ೯೫ ಉಳಿಯುತ್ತವೆ.

೬೯ ಎಲ್ಲಿ, ೮೯ ಎಲ್ಲಿ? ಒಂದೇ ವಸ್ತುವಿಗೆ ಎರಡು ಲೆಕ್ಕಗಳೇಕೆ? ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಪರಿಚಿತವಾದ ತೊಡಕು. ಪ್ರಕಟಿತ ವರದಿಗಳಲ್ಲಿ ಹಲವು, ಕೀಲನ್ನು ರೂಪಿಸಿದವರೇ ಅಥವಾ ಅದನ್ನು ನೂರಾರು ಸಲ ಇಟ್ಟು ಕೈ ಪಳಗಿದವರೇ ಬರೆದವು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ಇಲ್ಲಿ ಮರೆಯುವಂತಿಲ್ಲ. ರಾಷ್ಟ್ರೀಯ ದಾಖಲೆಯಲ್ಲಾದರೋ ಪಳಗಿದ ಕೈ, ಪಳಗದ ಕೈ, ಹಳೆಯ ಮಾದರಿ, ಹೊಸ ಮಾದರಿ ಎಲ್ಲವೂ ಬರುತ್ತವೆ. ನಮ್ಮಂಥ ಸಾಮಾನ್ಯರಿಗೆ ಸಿಕ್ಕುವುದು ಸಾಮಾನ್ಯ ಕೈ. ಆದುದರಿಂದ ನಾವು ನಂಬತಕ್ಕದ್ದು ಎರಡನೆಯ ಬಗೆಯ ಲೆಕ್ಕವನ್ನೇ.

ಬೆಸುಗೆ ಮತ್ತು ಬದಲಿ ಇವೆರಡನ್ನು ನೇರವಾಗಿ ಹೋಲಿಸಿದ ದೊಡ್ಡ ಪ್ರಯೋಗ ಬ್ರಿಟನ್ನಿನಲ್ಲಿ ನಡೆಯಿತು. ಅದರ ಹೆಸರು ಟಾರ್ವಾ. ಫಲ ೨೦೨೨ರಲ್ಲಿ ಪ್ರಕಟವಾಯಿತು. ೧೭ ಆಸ್ಪತ್ರೆಗಳಲ್ಲಿ ೫೦ರಿಂದ ೮೫ ವಯಸ್ಸಿನ ೩೦೩ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ವರ್ಷದ ಮೇಲೆ ನೋಡಿದರೆ ಎರಡು ಗುಂಪಿನವರ ನಡಿಗೆಯೂ ನಿಲುವೂ ಚೆನ್ನಾಗಿ ಸುಧಾರಿಸಿದ್ದವು. ಬದಲಿ ಕೀಲಿನವರು ಕೊಂಚ ಮುಂದಿದ್ದರೂ ಆ ಅಂತರವು ಖಚಿತವೆನ್ನುವಷ್ಟು ದೊಡ್ಡದಾಗಿರಲಿಲ್ಲ. ಬದಲಿ ಕೀಲಿನವರಲ್ಲಿ ಗಾಯ ಮಾಯದಿರುವುದು, ನರಕ್ಕೆ ಪೆಟ್ಟು ಬೀಳುವುದು ಹೆಚ್ಚು. ಬೆಸೆದವರಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚು, ಮತ್ತು ನೂರಕ್ಕೆ ಸುಮಾರು ೭ ಮಂದಿಗೆ ಮೂಳೆ ಕೂಡದೆ ತೊಂದರೆಯಾಯಿತು. ಒಂದು ವರ್ಷದ ಫಲದಿಂದ ಹತ್ತು ವರ್ಷದ ತೀರ್ಪನ್ನು ಕೊಡಲಾಗದೆಂಬುದೂ ನಿಜ.

ಬದಲಿ ಕೀಲು ಸೋಲುವ ಬಗೆ ಹೀಗೆ. ನಡುವಣ ಬಿಲ್ಲೆ ವರ್ಷಗಟ್ಟಲೆ ಸವೆದು ಅದರ ಪುಡಿ ಸುತ್ತಲ ಮೂಳೆಗೆ ಸೇರುತ್ತದೆ. ದೇಹ ಆ ಪುಡಿಯೊಡನೆ ಹೋರಾಡುವಾಗ ಮೂಳೆಯನ್ನೂ ಕರಗಿಸುತ್ತದೆ. ಮೂಳೆಯಲ್ಲಿ ಗುಳಿ ಬಿದ್ದು ಲೋಹ ಸಡಿಲುತ್ತದೆ. ಆಗ ಅದನ್ನು ತೆಗೆದು ಮತ್ತೊಂದನ್ನು ಇಡಬೇಕು, ಇಲ್ಲವೆ ಬೇರೆಡೆಯ ಮೂಳೆಯನ್ನು ತುಂಬಿ ಬೆಸೆಯಬೇಕು. ಮೂಳೆ ಕಡಮೆಯಾದ ಜಾಗದಲ್ಲಿ ಎರಡನೆಯ ಶಸ್ತ್ರಕ್ರಿಯೆ ಮೊದಲಿನದಕ್ಕಿಂತ ಕಷ್ಟ. ಎಳೆಯ ವಯಸ್ಸು, ಭಾರದ ದುಡಿಮೆ, ಓರೆಯಾದ ಹರಡು, ಇವು ಸವೆತವನ್ನು ಬೇಗ ಮಾಡುತ್ತವೆ.

ವೈದ್ಯರ “ಆದರೆ”ಯ ಅರ್ಥ ನನಗೆ ಆಗ ಹೊಳೆಯಿತು. ನಮ್ಮ ತಂದೆಯವರು ೪೭ನೆಯ ವಯಸ್ಸಿನಲ್ಲಿ ಕೀಲು ಬದಲಿಸಿಕೊಂಡು ಮತ್ತೆ ಭಾರ ಹೊತ್ತರೆ, ೫೭ಕ್ಕೋ ಅದಕ್ಕೂ ಮೊದಲೋ ಎರಡನೆಯ ಬಾರಿ ಮೇಜಿನ ಮೇಲೆ ಮಲಗಬೇಕಾದೀತು. ಬೆಸೆಸಿಕೊಂಡರೆ ಪಾದದ ಬೇರೆ ಕೀಲುಗಳ ತಂಟೆ ಮುಪ್ಪಿನಲ್ಲಿ ಬರಬಹುದು, ಆದರೆ ದುಡಿಯುವ ಕಾಲವೆಲ್ಲ ಕಾಲು ನಿಲ್ಲುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಹಣಕ್ಕೆ ಮಾತ್ರವಲ್ಲ, ಮೂಳೆಗೂ ಅನ್ವಯಿಸುತ್ತದೆ. ಇದೇ ರೋಗಿಯು ೬೫ ವರ್ಷದ, ಕುಳಿತು ಕೆಲಸ ಮಾಡುವ, ಮೈ ಹಗುರವಾದ, ಹರಡು ನೆಟ್ಟಗಿರುವ ಮನುಷ್ಯನಾಗಿದ್ದರೆ ಉತ್ತರ ಬೇರೆಯಾಗುತ್ತಿತ್ತು.

ಇನ್ನೊಂದು ವಿಚಾರ ನಮ್ಮ ದೇಶಕ್ಕೇ ವಿಶೇಷವಾದುದು. ಪಾಶ್ಚಾತ್ಯರ ಲೆಕ್ಕಗಳು ಹೆಚ್ಚಾಗಿ ನಡಿಗೆಯನ್ನೂ ನಿಲುವನ್ನೂ ಅಳೆಯುತ್ತವೆ. ನಮ್ಮವರಿಗೆ ಕುಕ್ಕರಗಾಲಲ್ಲಿ ಕೂರುವುದೂ ಅಷ್ಟೇ ಮುಖ್ಯ. ನಾಟಿ ಹಾಕುವಾಗ, ಒಲೆಯ ಮುಂದೆ, ಶೌಚಕ್ಕೆ, ಸಂತೆಯಲ್ಲಿ ತರಕಾರಿ ಹರವಿಕೊಂಡು, ಎಲ್ಲೆಲ್ಲೂ ಹರಡು ಪೂರ್ತಿ ಬಾಗಬೇಕು. ಜಯಪುರದ ಡಾ. ಪಿ. ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ೧೯೬೦ರ ದಶಕದಲ್ಲಿ ಜಯಪುರ ಕಾಲನ್ನು ರೂಪಿಸಿದ್ದು ಇದೇ ಅಗತ್ಯವನ್ನು ಮನಗಂಡು. ಪರದೇಶದ ಕೃತಕ ಕಾಲುಗಳು ಬೂಟು ತೊಟ್ಟು ಕುರ್ಚಿಯಲ್ಲಿ ಕೂರುವವರಿಗಾಗಿ ಮಾಡಿದವು. ಬೆಸೆದ ಹರಡಿನಿಂದ ಕುಕ್ಕರಗಾಲು ಹೋಗುತ್ತದೆಂಬುದು ನಿಜ. ಆದರೆ ಬದಲಿ ಕೀಲಿನಿಂದ ಅದು ಮರಳುತ್ತದೆಂದು ತಿಳಿಯುವುದೂ ಸರಿಯಲ್ಲ. ಬದಲಿ ಕೀಲು ಶಸ್ತ್ರಕ್ರಿಯೆಗೆ ಮೊದಲು ಇದ್ದ ಬಾಗುವಿಕೆಯನ್ನು ಬಹುಮಟ್ಟಿಗೆ ಉಳಿಸುತ್ತದೆ, ಕೊಂಚ ಹೆಚ್ಚಿಸುತ್ತದೆ, ಅಷ್ಟೆ. ವರ್ಷಗಟ್ಟಲೆ ಬಿಗಿದುಹೋದ ಹರಡು ಮತ್ತೆ ಬಾಲ್ಯದ ಹರಡಾಗದು.

ನಮ್ಮ ತಂದೆಯವರು ಬೆಸುಗೆಗೆ ಒಪ್ಪಿದ್ದಾರೆ. ಬೀಡಿ ಸೇದುವವರಲ್ಲಿ ಮೂಳೆ ಕೂಡದಿರುವ ಸಂಭವ ಹೆಚ್ಚೆಂದು ವೈದ್ಯರು ಎಚ್ಚರಿಸಿದ ದಿನದಿಂದ ಬೀಡಿಯನ್ನು ಬಿಟ್ಟಿದ್ದಾರೆ. ಶಸ್ತ್ರಕ್ರಿಯೆಯ ಮೇಲೆ ಸುಮಾರು ಮೂರು ತಿಂಗಳು ದುಡಿಮೆಯಿಲ್ಲ. ಆ ಮೂರು ತಿಂಗಳು ನನ್ನ ಪರೀಕ್ಷೆ ಮುಗಿದ ಮೇಲೆಯೇ ಬರಲಿ ಎಂದು ಅವರು ಹಠ ಹಿಡಿದಿದ್ದಾರೆ. ಆಮೇಲೆ ಮನೆಯನ್ನು ನಡೆಸುವುದು ನನ್ನ ಪಾಲು. ಎಂ.ಎ. ಒಂದು ವರ್ಷ ತಡವಾದರೆ ನಷ್ಟವೇನೂ ಇಲ್ಲ.

ಲೇಖನದ ಸಾರವನ್ನು ಎರಡು ಮಾತಿನಲ್ಲಿ ಹೇಳಬಹುದು. ಹರಡಿನ ಬದಲಿ ಕೀಲು ಮೊದಲಿನಂತೆ ಸೋಲಿನ ಕಥೆಯಾಗಿ ಉಳಿದಿಲ್ಲ. ತಕ್ಕ ರೋಗಿಗೆ, ಪಳಗಿದ ಕೈಯಲ್ಲಿ, ಅದು ಹತ್ತು ವರ್ಷದ ಸುಖವನ್ನು ಕೊಡಬಲ್ಲದು. ಶಸ್ತ್ರಕ್ರಿಯೆಗೆ ಒಪ್ಪುವ ಮುನ್ನ ಯಾರೇ ಆಗಲಿ ವೈದ್ಯರನ್ನು ಮೂರು ಪ್ರಶ್ನೆ ಕೇಳತಕ್ಕದ್ದು: ನನ್ನ ವಯಸ್ಸಿಗೂ ಕೆಲಸಕ್ಕೂ ಯಾವುದು ಹೊಂದೀತು? ಇಂಥ ಕೀಲುಗಳನ್ನು ತಾವು ಎಷ್ಟು ಇಟ್ಟಿದ್ದೀರಿ? ಇದು ಸೋತರೆ ಮುಂದಿನ ದಾರಿ ಯಾವುದು?

ಎರಡನೆಯ ಮಾತು ಇದಕ್ಕಿಂತ ದೊಡ್ಡದು. ಹರಡಿನ ಸಂಧಿವಾತ ಬಹುಮಟ್ಟಿಗೆ ತಡೆಯಬಹುದಾದದ್ದು. ಮುರಿದ ದಿನವೇ ಕ್ಷಕಿರಣದ ಚಿತ್ರ ತೆಗೆಸಿ, ಸರಿದ ಮೂಳೆಯನ್ನು ಸ್ಥಾನಕ್ಕೆ ತಂದು ನಿಲ್ಲಿಸಿದರೆ, ಹದಿನೈದು ವರ್ಷದ ಮೇಲಿನ ಈ ಸಂಕಟ ಎಷ್ಟೋ ಮಂದಿಗೆ ತಪ್ಪುತ್ತದೆ. ೧೯೬೧ರಿಂದ ಬಳ್ಳಾರಿಯಲ್ಲಿ ವೈದ್ಯಕೀಯ ಕಾಲೇಜಿದೆ. ಹೊಸಪೇಟೆ ೨೦೨೧ರಿಂದ ಜಿಲ್ಲೆಯ ಕೇಂದ್ರವಾಗಿದೆ. ಸಂಡೂರು, ಕಂಪ್ಲಿಗಳಿಂದ ಬಸ್ಸುಗಳಿಗೆ ಕೊರತೆಯಿಲ್ಲ. ಮುರಿದ ಕಾಲಿನ ಮನುಷ್ಯನನ್ನು ಆ ಬಸ್ಸಿಗೆ ಹತ್ತಿಸುವ ತಿಳಿವಳಿಕೆ ಮನೆಮನೆಗೂ ಮುಟ್ಟಬೇಕಾಗಿದೆ. ಅಕ್ಷರ ಕಲಿತ ನಾವು ನಮ್ಮ ನಮ್ಮ ಓಣಿಗಳಲ್ಲಿ ಇಷ್ಟನ್ನು ಹೇಳಿದರೂ ಒಂದು ಮಿಲಿಮೀಟರಿನ ತಪ್ಪಿನಿಂದ ಕೆಲವು ಸಂಸಾರಗಳಾದರೂ ಉಳಿದಾವು.